ಹುಲ್ಲು ಕೊಯ್ಯುವ ಯಂತ್ರಕ್ಕೆ ಜ್ವರ ಬಂದಾಗ

ಎರಡು ಹದ ಮಳೆ ಬಿದ್ದರೆ ಸಾಕು, ವಿಜಯನಗರ, ಬಸವೇಶ್ವರನಗರಗಳ ಉದ್ಯಾನಗಳಲ್ಲಿ ಹುಲ್ಲು ಗೇಣುದ್ದ ಏಳುತ್ತದೆ. ವಾಕಿಂಗ್ ಮುಗಿಸಿದವರು ಮನೆಗೆ ಮರಳಿ ಕಾಫಿ ಕುಡಿಯುವ ಹೊತ್ತಿಗೆ ಮಾಲಿ ಯಂತ್ರವನ್ನು ಹೊರಗೆಳೆದು ಹಗ್ಗ ಜಗ್ಗುತ್ತಾನೆ. ಗುರ್ರೆಂದು ಶುರುವಾದ ಯಂತ್ರ ಅರ್ಧ ಗಂಟೆ ಚೆನ್ನಾಗಿಯೇ ಓಡುತ್ತದೆ. ಆಮೇಲೆ ದನಿ ಕುಗ್ಗುತ್ತದೆ, ಕೆಮ್ಮುತ್ತದೆ, ನಿಂತೇ ಹೋಗುತ್ತದೆ. ಮುಟ್ಟಿದರೆ ಕಾದ ಬಾಣಲೆ. ನೆರಳಲ್ಲಿಟ್ಟು ಬೀಡಿ ಸೇದಿ ಬರುವಷ್ಟರಲ್ಲಿ ಮತ್ತೆ ಶುರು. ಹತ್ತು ನಿಮಿಷಕ್ಕೆ ಮತ್ತೆ ಅದೇ ಕತೆ.

ಹುಲ್ಲು ಅರ್ಧ ಉಳಿದರೆ ಬೈಗುಳ ಬೀಳುವುದು ಮಾಲಿಗೆ, ಯಂತ್ರಕ್ಕಲ್ಲ. ದಿನಗೂಲಿಯವನಾದರೆ ಕೂಲಿಗೇ ಕತ್ತರಿ. ಯಂತ್ರವನ್ನು ರಿಪೇರಿಗೆ ಹೊತ್ತು ಹೋದರೆ ‘ಎಂಜಿನ್ ಹೋಗಿದೆ, ಬೋರ್ ಮಾಡಿಸಬೇಕು’ ಎಂಬ ಮಾತು ಬರಬಹುದು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ! ನೂರು ರೂಪಾಯಿಯೂ ಬೇಡದ ಕಾರಣವನ್ನು ಮೊದಲು ಹುಡುಕುವುದು ಜಾಣತನ.

ಈ ಯಂತ್ರದ ಮೂಲ ತೋಟದಲ್ಲಿಲ್ಲ, ಬಟ್ಟೆ ಗಿರಣಿಯಲ್ಲಿದೆ. ಇಂಗ್ಲೆಂಡಿನ ಸ್ಟ್ರೌಡ್ ಎಂಬ ಊರಿನ ಎಡ್ವಿನ್ ಬಡ್ಡಿಂಗ್, ಉಣ್ಣೆ ಬಟ್ಟೆಯ ಮೇಲಿನ ನವಿರು ಎಳೆಗಳನ್ನು ಸವರುವ ಯಂತ್ರವನ್ನು ಕಂಡು, ಹುಲ್ಲನ್ನೂ ಹೀಗೇ ಸವರಬಹುದಲ್ಲ ಎಂದುಕೊಂಡ. 1830ರಲ್ಲಿ ಪೇಟೆಂಟ್ ಪಡೆದ. ಅದು ಕೈಯಿಂದ ತಳ್ಳುವ ಯಂತ್ರ. ಅದಕ್ಕೆ ಜ್ವರದ ಭಯವಿರಲಿಲ್ಲ. ಜ್ವರ ಬಂದದ್ದು ಪೆಟ್ರೋಲ್ ಎಂಜಿನ್ ಸೇರಿದ ಮೇಲೆ.

ಎಂಜಿನ್ನಿನೊಳಗೆ ಪೆಟ್ರೋಲ್ ಉರಿಯುವಾಗ ಅನಿಲದ ಶಾಖ ಸುಮಾರು 2,000 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಅದನ್ನು ಸುತ್ತುವರಿದ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಆದರೂ ಕರಗುವುದಿಲ್ಲ, ಏಕೆ? ಶಾಖ ಕ್ಷಣಕ್ಷಣವೂ ಹೊರಗೆ ಹೋಗುತ್ತಿರುತ್ತದೆ. ಕಾರಿನಲ್ಲಿರುವಂತೆ ಇಲ್ಲಿ ರೇಡಿಯೇಟರ್ ಇಲ್ಲ, ನೀರಿಲ್ಲ. ಫ್ಲೈವೀಲಿನ ರೆಕ್ಕೆಗಳು ಫ್ಯಾನಿನಂತೆ ಬೀಸುವ ಗಾಳಿ, ಸಿಲಿಂಡರಿನ ಸುತ್ತಲಿನ ಪಟ್ಟಿಗಳ ಸಂದಿಯಲ್ಲಿ ಹಾದು ಶಾಖವನ್ನು ಒಯ್ಯುತ್ತದೆ. ಒಳಗಿನ ಆಯಿಲ್ ಉಳಿದ ಕೆಲಸ ನೋಡಿಕೊಳ್ಳುತ್ತದೆ. ಈ ಎರಡರಲ್ಲಿ ಒಂದು ಕೈಕೊಟ್ಟರೂ ಜ್ವರ ಖಂಡಿತ.

ಆದ್ದರಿಂದ ಪರೀಕ್ಷೆ ಸುಲಭದ್ದರಿಂದ ಶುರುವಾಗಲಿ. ಯಂತ್ರ ಪೂರ್ತಿ ಆರಲಿ; ಸ್ಪಾರ್ಕ್ ಪ್ಲಗ್ಗಿನ ವೈರನ್ನು ಕಿತ್ತು ದೂರ ಸರಿಸಿ. ಇದನ್ನು ಮರೆತು ಬ್ಲೇಡಿಗೆ ಕೈ ಹಾಕಿದರೆ, ಬ್ಲೇಡು ತಿರುಗಿದಾಗ ಎಂಜಿನ್ ಹತ್ತಿಕೊಂಡು ಬೆರಳು ಹೋದೀತು.

ಮೊದಲು ಆಯಿಲ್. ಸಮತಟ್ಟಾದ ಜಾಗದಲ್ಲಿಟ್ಟು ಕಡ್ಡಿ ಎತ್ತಿ ನೋಡಿ. ಕಡಿಮೆಯಿದ್ದರೆ ಸವೆತ, ಬಿಸಿ. ಹೆಚ್ಚಾದರೆ ನೊರೆಯೆದ್ದು ಅದೂ ಬಿಸಿಯೇ. ಬಹಳಷ್ಟು ಯಂತ್ರಗಳಲ್ಲಿ 50 ಗಂಟೆಗಳ ಕೆಲಸಕ್ಕೊಮ್ಮೆ ಆಯಿಲ್ ಬದಲಿಸಬೇಕು. ಎರಡು ಸ್ಟ್ರೋಕಿನ ಹೆಗಲ ಮೇಲಿನ ಕಟ್ಟರಿನಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸುವುದು. ಅಲ್ಲಿ ಅಳತೆ ತಪ್ಪಿದರೆ ಪಿಸ್ಟನ್ ಜಾಮ್ ಆಗುತ್ತದೆ.

ಎರಡನೆಯದು ಗಾಳಿಯ ದಾರಿ. ಮೇಲಿನ ಮುಚ್ಚಳದ ನಾಲ್ಕಾರು ಬೋಲ್ಟ್ ಬಿಚ್ಚಿದರೆ ಅಸಲಿ ಕಳ್ಳ ಸಿಕ್ಕಿಬೀಳುವುದು ಬಹುತೇಕ ಇಲ್ಲೇ. ಒದ್ದೆ ಹುಲ್ಲು, ಧೂಳು, ಆಯಿಲ್ ಕಲೆತು ಪಟ್ಟಿಗಳ ಸಂದಿಯಲ್ಲಿ ಕಂಬಳಿಯಂತೆ ಕೂತಿರುತ್ತದೆ. ಬಿದಿರಿನ ಕಡ್ಡಿ, ಒಣ ಬ್ರಷ್ಷು ಸಾಕು. ನೀರು ಸುರಿಯುವುದು ಬೇಡ.

ಮೂರನೆಯದು ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಅದರಲ್ಲೊಂದು ಸಣ್ಣ ತೂತಿದೆ. ತೂತು ಕಟ್ಟಿದರೆ ಪೆಟ್ರೋಲ್ ಇಳಿದಂತೆ ಒಳಗೆ ನಿರ್ವಾತ ಉಂಟಾಗಿ ಪೆಟ್ರೋಲೇ ಬರುವುದಿಲ್ಲ. ಯಂತ್ರ ನಿಂತ ಕೂಡಲೇ ಮುಚ್ಚಳ ಸಡಿಲಿಸಿ, ಹಗ್ಗ ಎಳೆಯಿರಿ. ತಕ್ಷಣ ಹತ್ತಿಕೊಂಡು ಓಡಿದರೆ ರೋಗ ಎಂಜಿನ್ನಿಗಲ್ಲ, ಮುಚ್ಚಳಕ್ಕೆ.

ನಾಲ್ಕನೆಯದು ಕಾರ್ಬುರೇಟರ್. ಚೋಕ್ ಅರ್ಧ ಎಳೆದಾಗ ಮಾತ್ರ ಯಂತ್ರ ಸಲೀಸಾಗಿ ಓಡುತ್ತದೆಯೇ? ಹಾಗಾದರೆ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು, ಜೆಟ್‌ನಲ್ಲಿ ಕಸವಿದೆ. ಇಂಥ ತೆಳು ಮಿಶ್ರಣ ಹೆಚ್ಚು ಬಿಸಿಯಾಗಿ ಉರಿಯುತ್ತದೆ. ಇದಕ್ಕೆ ಈಚಿನ ಕಾರಣವೂ ಒಂದಿದೆ. ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಎಥೆನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುವುದರಿಂದ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ; ಗಾಳಿಯ ತೇವವನ್ನೂ ಹೀರುತ್ತದೆ. ಹಲವು ಸಣ್ಣ ಎಂಜಿನ್‌ಗಳ ಕೈಪಿಡಿಗಳು ಶೇ 10ಕ್ಕಿಂತ ಹೆಚ್ಚು ಎಥೆನಾಲ್ ಬೇಡವೆನ್ನುತ್ತವೆ. ಹೊಸದು ಕೊಳ್ಳುವವರು ಇದನ್ನು ಕೇಳಿಯೇ ಕೊಳ್ಳಲಿ. ಹಳೆಯದಿದ್ದವರು ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಕೊಳೆಯಿಸದಿರಲಿ.

ಐದನೆಯದು ಇಗ್ನಿಷನ್ ಕಾಯಿಲ್. ತಣ್ಣಗಿದ್ದಾಗ ಕಿಡಿ ಕೊಡುವ ಕಾಯಿಲ್, ಕಾದ ಮೇಲೆ ಒಳಗಿನ ತಂತಿ ಹಿಗ್ಗಿ ಸಂಪರ್ಕ ತಪ್ಪಿ ಸುಮ್ಮನಾಗಬಹುದು. ಯಂತ್ರ ನಿಂತ ಆ ಕ್ಷಣದಲ್ಲೇ ಕಿಡಿ ಪರೀಕ್ಷಿಸಿದರೆ ಗುಟ್ಟು ರಟ್ಟು. ತಣಿದ ಮೇಲೆ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಈ ಪರೀಕ್ಷೆ ಪೆಟ್ರೋಲಿನಿಂದ ದೂರದಲ್ಲಿ, ಬಲ್ಲವರಿಂದಲೇ ಆಗಲಿ.

ಇಷ್ಟೂ ಸರಿಯಿದ್ದರೆ ದೋಷ ಯಂತ್ರದ್ದಲ್ಲ, ದುಡಿಸುವವರದ್ದು. ಮೊಂಡು ಬ್ಲೇಡು, ಒದ್ದೆ ಹುಲ್ಲು, ಗೇಣುದ್ದದ್ದನ್ನು ಒಂದೇ ಸಲಕ್ಕೆ ನುಣ್ಣಗೆ ಮಾಡುವ ಆತುರ – ಯಾವ ಎಂಜಿನ್ ತಡೆದೀತು? ಒಂದು ಸಲಕ್ಕೆ ಹುಲ್ಲಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಬೇರಿಗೂ ಅದೇ ಹಿತ. ಆಮೇಲೂ ಜ್ವರ ಬಿಡದಿದ್ದರೆ ವಾಲ್ವು, ಹೆಡ್ ಗ್ಯಾಸ್ಕೆಟ್ಟುಗಳ ಸರದಿ. ಆಗ ಕಾಮಾಕ್ಷಿಪಾಳ್ಯದಲ್ಲೋ ರಾಜಾಜಿನಗರದಲ್ಲೋ ಕೈ ಪಳಗಿದ ಮೆಕ್ಯಾನಿಕ್ ಒಬ್ಬನನ್ನು ಹುಡುಕಲೇಬೇಕು.

ಕೆಲಸ ಮುಗಿದ ಮೇಲೆ ದನದ ಮೈ ತಿಕ್ಕುವಂತೆ ಯಂತ್ರದ ಮೈ ಒರೆಸುವ ಮಾಲಿಗೆ ಇದಾವುದೂ ಹೊಸದಲ್ಲ. ಆ ಐದು ನಿಮಿಷವನ್ನೂ ಅವನ ಕೂಲಿಯ ಲೆಕ್ಕಕ್ಕೆ ಸೇರಿಸಿದರೆ, ಯಂತ್ರಕ್ಕೆ ಅರ್ಧ ಔಷಧ ಸಿಕ್ಕ ಹಾಗೆ.