ಹಟ್ಟಿಯ ಬಾಗಿಲಿಗೆ ಬರುವ ಆಶಾ

  ಹಿರಿಯೂರಿನ ಪಕ್ಕದ ಬಬ್ಬೂರಿಗೆ ತಾಲ್ಲೂಕು ಆಸ್ಪತ್ರೆ ಹತ್ತಿರವೇ ಇದೆ. ಇದೇ ತಾಲ್ಲೂಕಿನ ಧರ್ಮಪುರ, ಜವಗೊಂಡನಹಳ್ಳಿ ಹೋಬಳಿಗಳ ಒಳಹಳ್ಳಿಗಳ ಮಾತು ಬೇರೆ. ಬಸ್ಸು ಮುಟ್ಟದ ಹಟ್ಟಿಯಲ್ಲಿ ನಡುರಾತ್ರಿ ಹೆರಿಗೆ ನೋವು ಕಾಣಿಸಿಕೊಂಡರೆ ಮನೆಯವರು ಮೊದಲು ತಟ್ಟುವುದು ಆಶಾ ಕಾರ್ಯಕರ್ತೆಯ ಮನೆಯ ಬಾಗಿಲನ್ನು. 108ಕ್ಕೆ ಕರೆ ಮಾಡಿ, ತಾಯಿ ಕಾರ್ಡ್ ಮರೆಯದೆ ಎತ್ತಿಕೊಂಡು, ಗರ್ಭಿಣಿಯ ಜೊತೆ ಆಂಬುಲೆನ್ಸ್ ಹತ್ತುವವರೂ ಅವರೇ.

2005ರ ಏಪ್ರಿಲ್ 12ರಂದು ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಸಾವಿರ ಜನಸಂಖ್ಯೆಗೆ ಒಬ್ಬ ಆಶಾ ಎಂದು ಲೆಕ್ಕ ಹಾಕಿತು. ಆಕೆ ಅದೇ ಊರಿನವಳಾಗಿರಬೇಕು, ಮದುವೆಯಾದವಳೋ ವಿಧವೆಯೋ ಗಂಡನಿಂದ ದೂರವಾದವಳೋ ಆಗಿರಬೇಕು, ವಯಸ್ಸು 25ರಿಂದ 45ರ ಒಳಗಿರಬೇಕು. ಮದುವೆಯಾಗಿ ಬೇರೆ ಊರಿಗೆ ಹೊರಟುಹೋಗುವ ಹುಡುಗಿಗೆ ತರಬೇತಿ ಕೊಟ್ಟರೆ ಊರಿಗೆ ಅದು ದಕ್ಕುವುದಿಲ್ಲ ಎಂಬುದು ಈ ನಿಯಮದ ಹಿಂದಿನ ತಿಳಿವಳಿಕೆ. ಹಳ್ಳಿಯ ಹೆಣ್ಣುಮಗಳೇ ಹಳ್ಳಿಯ ಆರೋಗ್ಯ ಕಾಯಬಲ್ಲಳು ಎಂಬುದನ್ನು ಮಹಾರಾಷ್ಟ್ರದ ಜಾಮಖೇಡದಲ್ಲಿ ಡಾ. ರಜನೀಕಾಂತ್ ಮತ್ತು ಮೇಬೆಲ್ ಆರೋಳೆ ದಂಪತಿ 1970ರ ದಶಕದಲ್ಲೇ ಮಾಡಿ ತೋರಿಸಿದ್ದರು. ಛತ್ತೀಸಗಢದ ‘ಮಿತಾನಿನ್’ ಕಾರ್ಯಕ್ರಮವೂ ಆಶಾಗಿಂತ ಹಳೆಯದು.

ಆಶಾ ಮಾಡುವ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬಾಣಂತಿಯ ಮನೆಗೆ ಅವರು ಕೊಡುವ ಭೇಟಿ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೇ ದಿನ ಹೋಗಬೇಕು. ಮನೆಯಲ್ಲೇ ಆಗಿದ್ದರೆ ಮೊದಲ ದಿನವೂ. ಕೈ ತೊಳೆದುಕೊಂಡು ಕೂಸನ್ನು ತೂಗಬೇಕು, ಜ್ವರ ನೋಡಬೇಕು, ಗಡಿಯಾರ ಹಿಡಿದು ಉಸಿರು ಎಣಿಸಬೇಕು. ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಉಸಿರಾಟವಿದ್ದರೆ ಅಪಾಯ, ಕೂಡಲೇ ಆಸ್ಪತ್ರೆಗೆ. ಹುಟ್ಟಿದಾಗ ಎರಡೂವರೆ ಕಿಲೋಗಿಂತ ಕಡಿಮೆ ತೂಗಿದ ಕೂಸಿನ ಮೇಲೆ ವಿಶೇಷ ನಿಗಾ. ತಣ್ಣೀರಲ್ಲಿ ಮೀಯಿಸಬೇಡಿ, ಎದೆಗವಚಿ ಬೆಚ್ಚಗಿಡಿ, ಜೇನುತುಪ್ಪ ನೆಕ್ಕಿಸಬೇಡಿ ಎಂದು ಅತ್ತೆಯನ್ನೂ ಅಜ್ಜಿಯನ್ನೂ ಒಪ್ಪಿಸಬೇಕು. ಮಹಾರಾಷ್ಟ್ರದ ಗಡ್‌ಚಿರೋಲಿಯ 39 ಹಳ್ಳಿಗಳಲ್ಲಿ ಡಾ. ಅಭಯ್ ಮತ್ತು ರಾಣಿ ಬಂಗ್ ಇಂಥದೇ ಆರೈಕೆಯನ್ನು ಹಳ್ಳಿಯ ಹೆಂಗಸರಿಗೆ ಕಲಿಸಿದಾಗ ನವಜಾತ ಶಿಶುಗಳ ಸಾವು ಶೇ 62ರಷ್ಟು ಇಳಿಯಿತು. 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಆ ಅಧ್ಯಯನವನ್ನು ಪ್ರಕಟಿಸಿತು.

ಚಿತ್ರದುರ್ಗದ ಸೀಮೆಯಲ್ಲಿ ಈ ಭೇಟಿಗೆ ಇನ್ನೊಂದು ತೂಕವಿದೆ. ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಸೂತಕದ ಕಟ್ಟುಪಾಡು ಇನ್ನೂ ಬಿಟ್ಟಿಲ್ಲ. ಬಾಣಂತಿ ಮತ್ತು ಕೂಸು ಹಟ್ಟಿಯ ಹೊರಗಿನ ಗುಡಿಸಲಲ್ಲಿ ಉಳಿಯಬೇಕು. 2023ರ ಜುಲೈನಲ್ಲಿ ನೆರೆಯ ತುಮಕೂರು ಜಿಲ್ಲೆಯ ಗೊಲ್ಲರಹಟ್ಟಿಯೊಂದರಲ್ಲಿ ಮಳೆ ಚಳಿಯ ನಡುವೆ ಹಾಗೆ ಇರಿಸಿದ್ದ ಹಸುಗೂಸು ತೀರಿಕೊಂಡಿತು. ಕಾನೂನು ಇದೆ, ಪೊಲೀಸರಿದ್ದಾರೆ. ಆದರೂ ಹಟ್ಟಿಯ ಹಿರಿಯರ ಜೊತೆ ಜಗಳವಾಡದೆ, ಅವರ ದೇವರನ್ನು ಹಳಿಯದೆ, ‘ಕೂಸಿಗೆ ಥಂಡಿ ಆಗ್ತೈತೆ, ಒಳಗೆ ಕರ್ಕಳ್ರಪ್ಪ’ ಎಂದು ದಿನವೂ ಹೇಳಬಲ್ಲವರು ನಿತ್ಯ ಅದೇ ದಾರಿಯಲ್ಲಿ ಓಡಾಡುವ ಹೆಂಗಸರು ಮಾತ್ರ. ಅಧಿಕಾರಿಯ ಜೀಪು ಬಂದು ಹೋದ ಮೇಲೂ ಅವರು ಅಲ್ಲೇ ಬಾಳಬೇಕು.

ಕ್ಷಯ ರೋಗಿಗೆ ಮಾತ್ರೆ ನುಂಗಿಸುವುದು, ಚುಚ್ಚುಮದ್ದಿನ ದಿನ ಮಕ್ಕಳನ್ನು ಕೂಡಿಸುವುದು, ತೊಟ್ಟಿಗಳಲ್ಲಿ ಸೊಳ್ಳೆ ಮರಿ ಹುಡುಕುವುದು, ಕೊರೊನಾ ಕಾಲದ ಮನೆಮನೆ ಸಮೀಕ್ಷೆ ಎಲ್ಲವೂ ಅವರ ಪಾಲಿಗೇ ಬಂದವು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಜಾಗತಿಕ ಪ್ರಶಸ್ತಿ ಕೊಟ್ಟು ಗೌರವಿಸಿತು.

ಸರ್ಕಾರದ ಕಡತದಲ್ಲಿ ಮಾತ್ರ ಅವರು ಸ್ವಯಂಸೇವಕಿಯರು. ಸಂಬಳವಿಲ್ಲ, ಗೌರವಧನ ಮತ್ತು ಕೆಲಸಕ್ಕಿಷ್ಟು ಎಂಬ ಪ್ರೋತ್ಸಾಹಧನ. ಬಾಣಂತಿ ಮನೆಯ ಆರೂ ಭೇಟಿಗಳಿಗೆ 2011ರಲ್ಲಿ ನಿಗದಿಯಾದದ್ದು ಒಟ್ಟು 250 ರೂಪಾಯಿ. ಅದೂ 42 ದಿನ ತಾಯಿ ಮಗು ಇಬ್ಬರೂ ಕ್ಷೇಮವಾಗಿದ್ದರೆ. ರಾಜ್ಯದಲ್ಲಿ ಸುಮಾರು 42 ಸಾವಿರ ಆಶಾಗಳಿದ್ದಾರೆ. 2025ರ ಜನವರಿಯಲ್ಲಿ ಅವರಲ್ಲಿ ಸಾವಿರಾರು ಮಂದಿ ಗುಲಾಬಿ ಸೀರೆಯಲ್ಲೇ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಕೂತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುವುದಾಗಿ ಸರ್ಕಾರ ಭರವಸೆ ಕೊಟ್ಟ ಮೇಲೆ ಎದ್ದರು. ಸೇವೆಯೆಂಬ ಹೆಸರಿಟ್ಟು ದುಡಿಮೆಯ ಬೆಲೆ ಕಡಿತ ಮಾಡುವುದು ನ್ಯಾಯವಲ್ಲ.

ಪ್ರತಿ ಹಳ್ಳಿಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿ ಇರಬೇಕೆಂಬುದು ನಿಯಮ. ನಿಮ್ಮೂರಿನ ಸಮಿತಿಯ ಸಭೆಗೆ ಒಮ್ಮೆ ಹೋಗಿ. ಆಶಾ ಅವರ ಔಷಧಿ ಪೆಟ್ಟಿಗೆಯಲ್ಲಿ ಓಆರ್‌ಎಸ್ ಇದೆಯೇ, ಕೂಸು ತೂಗುವ ತಕ್ಕಡಿ ಸರಿಯಿದೆಯೇ, ಈ ತಿಂಗಳ ಹಣ ಅವರ ಕೈ ಸೇರಿತೇ ಎಂದು ಕೇಳಿ.