ಬಣ್ಣಕ್ಕೆ ಮೊದಲು ಬ್ಲೂ

1953ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಎಚ್‌ಎಂಟಿಯ ಎಫ್‌ಎನ್2 ಮಿಲ್ಲಿಂಗ್ ಮಷೀನು, ಆರ್‌ಎಂ62 ರೇಡಿಯಲ್ ಡ್ರಿಲ್ಲು ನೆರೆಯ ಪೀಣ್ಯದ ಶೆಡ್‌ಗಳಲ್ಲಿ ಇಂದಿಗೂ ಕಾಣಸಿಗುತ್ತವೆ. ಸದ್ದು ಜಾಸ್ತಿಯಾಯಿತು, ಜಾಬಿನ ಅಳತೆ ತಪ್ಪಿತು ಎಂದರೆ ಸಾಕು, ಗುಜರಿಯವರಿಗೆ ಫೋನ್ ಹೋಗುತ್ತದೆ. ಕಿಲೋ ಲೆಕ್ಕದಲ್ಲಿ ಮಷೀನು ಲಾರಿ ಹತ್ತುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಬಿರುಕು ಬಿಟ್ಟಿಲ್ಲವೆಂದರೆ ಆ ಬೀಡು ಕಬ್ಬಿಣದ ಮೈಗೆ ಏನೂ ಆಗಿರುವುದಿಲ್ಲ. ಸವೆದಿರುವುದು ಜಾರುವ, ತಿರುಗುವ ಭಾಗಗಳಷ್ಟೆ.

ಮಿಲ್ಲಿಂಗ್ ಟೇಬಲ್ ಹೆಚ್ಚಾಗಿ ನಡುಭಾಗದಲ್ಲೇ ಓಡಾಡುವುದರಿಂದ ಸವೆತವೂ ಅಲ್ಲೇ ಹೆಚ್ಚು. ಅಲ್ಲಿನ ಸಡಿಲ ಹೋಗಲೆಂದು ಗಿಬ್ ಪಟ್ಟಿ ಬಿಗಿ ಮಾಡಿದರೆ ತುದಿಗಳಲ್ಲಿ ಟೇಬಲ್ ಕಚ್ಚಿಕೊಳ್ಳುತ್ತದೆ. ಲೀಡ್ ಸ್ಕ್ರೂಗಿಂತ ಮೊದಲು ಅದರ ಕಂಚಿನ ನಟ್ ಸವೆಯುತ್ತದೆ. ಆ ಸವೆತದಿಂದಾದ ಸಡಿಲ ಇಟ್ಟುಕೊಂಡು ಕಟರ್ ತಿರುಗುವ ದಿಕ್ಕಿಗೇ ಫೀಡ್ ಕೊಟ್ಟರೆ, ಕಟರ್ ಜಾಬನ್ನು ತನ್ನತ್ತ ಸೆಳೆದುಕೊಂಡು ತಾನೂ ಮುರಿದೀತು. ನಟ್ ಹೊಸದಾಗಿ ಮಾಡಿಸಬಹುದು; ಸ್ಪಿಂಡಲ್ ಬೇರಿಂಗ್ ಕೊಂಡು ತರಬಹುದು.

ಟೇಬಲ್ ಜಾರುವ ಸ್ಲೈಡ್ ಸರಿಮಾಡಲು ಮಾತ್ರ ಸ್ಕ್ರೇಪಿಂಗ್ ಬಲ್ಲ ಕೈಯೇ ಬೇಕು. ಸ್ಟ್ರೇಟ್ ಎಡ್ಜ್‌ಗೆ ತೆಳುವಾಗಿ ಬ್ಲೂ ಎಂಬ ನೀಲಿ ಲೇಪ ಸವರಿ ಸ್ಲೈಡಿನ ಮೇಲೆ ಆಡಿಸಿದರೆ ಉಬ್ಬಿದ ಜಾಗಕ್ಕಷ್ಟೇ ನೀಲಿ ಅಂಟುತ್ತದೆ. ಆ ಚುಕ್ಕೆಗಳನ್ನು ಫಿಟ್ಟರ್ ಕೆರೆದು ತೆಗೆಯುತ್ತಾರೆ, ಪ್ರತಿ ಸುತ್ತಿನಲ್ಲೂ ಕೆಲವೇ ಮೈಕ್ರಾನ್. ಒರೆಸುವುದು, ಮತ್ತೆ ಬ್ಲೂ, ಮತ್ತೆ ಕೆರೆತ. ಚದರ ಇಂಚಿಗೆ ಹತ್ತಿಪ್ಪತ್ತು ಚುಕ್ಕೆ ಒಂದೇ ಸಮ ಮೂಡಬೇಕು. ಅದಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ಚುಕ್ಕೆಗಳ ನಡುವಿನ ಸಣ್ಣ ತಗ್ಗುಗಳಲ್ಲಿ ಎಣ್ಣೆ ನಿಲ್ಲುತ್ತದೆ, ಟೇಬಲ್ ತೇಲಿದಂತೆ ಸಾಗುತ್ತದೆ. ಹಾರ್ಡನ್ ಮಾಡಿದ ಸ್ಲೈಡಾದರೆ ಗ್ರೈಂಡಿಂಗೇ ದಾರಿ.

ಹಸಿರು ಬಣ್ಣ ಬಳಿದು ‘ರೀಕಂಡೀಷನ್’ ಆಗಿದೆ ಎಂದು ಮಾರುವವರೂ ಇದ್ದಾರೆ. ಬಣ್ಣಕ್ಕೆ ಮರುಳಾಗಬೇಡಿ. ಸ್ಪಿಂಡಲ್‌ಗೆ ಡಯಲ್ ಗೇಜ್ ಕಟ್ಟಿ, ಟೇಬಲನ್ನು ಈ ತುದಿಯಿಂದ ಆ ತುದಿಗೆ ಓಡಿಸಿ, ಮುಳ್ಳನ್ನು ನೋಡಿ.

ನಿಮ್ಮ ಶೆಡ್ಡಿನಲ್ಲಿ ಇಂಥದ್ದೊಂದು ಮಷೀನಿದ್ದರೆ, ಗುಜರಿಯವರಿಗಿಂತ ಮುಂಚೆ ನಿವೃತ್ತ ಫಿಟ್ಟರ್ ಒಬ್ಬರನ್ನು ಕರೆಸಿ ಬಿಚ್ಚಿ ತೋರಿಸಿ. ಅವರು ಕೆಲಸಕ್ಕೆ ಕೂತಾಗ ಐಟಿಐ ಮುಗಿಸಿದ ಹುಡುಗನೊಬ್ಬನನ್ನೂ ಪಕ್ಕದಲ್ಲಿ ನಿಲ್ಲಿಸಿ, ಅವನ ಕೈಗೂ ಒಂದು ಸ್ಕ್ರೇಪರ್ ಕೊಡಿ.