ಸೆಕೆಂಡಿಗೆ 190 ಆನೆ

ಒಮ್ಮೆ ಆಳವಾಗಿ ಉಸಿರೆಳೆದುಕೊಳ್ಳಿ. ಆ ಒಂದು ಉಸಿರು ನಿಮ್ಮ ಎದೆಯೊಳಗಿನ 48 ಕೋಟಿ ಗಾಳಿಗೂಡುಗಳ ಪಾಲಿನದು. ಹೌದು, 48 ಕೋಟಿ! ಜರ್ಮನಿಯ ಗೊಟ್ಟಿಂಗೆನ್ ವಿಶ್ವವಿದ್ಯಾಲಯದ ಅಂಗರಚನಾ ತಜ್ಞರು ಆರು ಜನರ ಶ್ವಾಸಕೋಶಗಳನ್ನು ಪರೀಕ್ಷಿಸಿ 2004ರಲ್ಲಿ ಕೊಟ್ಟ ಸರಾಸರಿ ಲೆಕ್ಕ ಇದು. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ನಿಮ್ಮೊಬ್ಬರ ಗಾಳಿಗೂಡುಗಳನ್ನು ರಾಜ್ಯದ ಎಲ್ಲರಿಗೂ ಹಂಚಿದರೆ ತಲೆಗೆ ಹೆಚ್ಚುಕಡಿಮೆ ಎಂಟು ಬರುತ್ತವೆ. ಒಂದೊಂದರ ಅಗಲ ಸುಮಾರು 0.2 ಮಿಲಿಮೀಟರ್. ಎಲ್ಲವನ್ನೂ ಸಾಲಾಗಿ ಜೋಡಿಸುತ್ತ ಬೆಂಗಳೂರಿನಿಂದ ಹೊರಟರೆ ಸಾಲು ಮಂಡ್ಯದ ಹತ್ತಿರ ಹೋಗಿ ನಿಲ್ಲುತ್ತದೆ.

48 ಕೋಟಿ ದೊಡ್ಡದೆನಿಸಿತೇ? ಇಸ್ರೇಲಿನ ವೈಜ್ಮನ್ ವಿಜ್ಞಾನ ಸಂಸ್ಥೆಯ ಸಂಶೋಧಕರು 70 ಕಿಲೊ ತೂಕದ ಒಬ್ಬ ಯುವಕನ ಮೈಯಲ್ಲಿರುವ ಜೀವಕೋಶಗಳನ್ನೆಲ್ಲ 2016ರಲ್ಲಿ ಲೆಕ್ಕ ಹಾಕಿದರು. ಬಂದ ಉತ್ತರ 30 ಲಕ್ಷ ಕೋಟಿ. ಸೆಕೆಂಡಿಗೆ ಒಂದರಂತೆ, ಊಟ ನಿದ್ದೆ ಬಿಟ್ಟು ಎಣಿಸುತ್ತ ಕುಳಿತರೆ ಎಣಿಕೆ ಮುಗಿಯಲು ಒಂಬತ್ತೂವರೆ ಲಕ್ಷ ವರ್ಷ ಬೇಕು. ಮನುಷ್ಯ ಜಾತಿ ಹುಟ್ಟಿ ಇಲ್ಲಿಯವರೆಗೆ ಕಳೆದದ್ದೇ ಸುಮಾರು 3 ಲಕ್ಷ ವರ್ಷ. ಮೊಟ್ಟಮೊದಲ ಮನುಷ್ಯ ಎಣಿಕೆ ಶುರು ಮಾಡಿದ್ದರೂ ಇವತ್ತಿಗೆ ಮೂರನೇ ಒಂದು ಭಾಗ ಮುಗಿದಿರುತ್ತಿತ್ತು, ಅಷ್ಟೆ.

ಸಾಲದ್ದಕ್ಕೆ ಈ ಸಂಖ್ಯೆ ನಿಂತಲ್ಲಿ ನಿಲ್ಲುವುದೂ ಇಲ್ಲ. ಅದೇ ಸಂಸ್ಥೆಯ 2021ರ ಲೆಕ್ಕದಂತೆ ನಮ್ಮ ದೇಹ ದಿನಕ್ಕೆ 33,000 ಕೋಟಿ ಜೀವಕೋಶಗಳನ್ನು ಹೊಸದಾಗಿ ಹುಟ್ಟಿಸುತ್ತದೆ. ಅಂದರೆ ಸೆಕೆಂಡಿಗೆ 38 ಲಕ್ಷ! ಆ ವೇಗದಲ್ಲಿ ಮನುಷ್ಯರನ್ನೇ ಹುಟ್ಟಿಸುವುದಾದರೆ ಇಡೀ ಕರ್ನಾಟಕ ತುಂಬಲು 16 ಸೆಕೆಂಡ್ ಸಾಕು. ಇಷ್ಟಕ್ಕೂ ದಿನದ ಸರಕಿನ ತೂಕ ಸುಮಾರು 80 ಗ್ರಾಂ. ವರ್ಷಕ್ಕೆ ಕೂಡಿಸಿದರೆ 29 ಕಿಲೊ. ಹೋದ ವರ್ಷದ ನೀವು ಮತ್ತು ಈ ವರ್ಷದ ನಿಮ್ಮ ನಡುವೆ ಒಂದು ದೊಡ್ಡ ಅಕ್ಕಿ ಚೀಲದಷ್ಟು ಹೊಸ ಮೈ ಬಂದು ಸೇರಿದೆ.

ಜೊತೆಗೆ ಬಾಡಿಗೆದಾರರೂ ಇದ್ದಾರೆ. ಅದೇ ಯುವಕನ ಮೈಯಲ್ಲಿ 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ಮನೆಯ ಮಾಲೀಕರು 30 ಲಕ್ಷ ಕೋಟಿ, ಒಕ್ಕಲು 38 ಲಕ್ಷ ಕೋಟಿ! ಅಷ್ಟೂ ಬ್ಯಾಕ್ಟೀರಿಯಾಗಳನ್ನು ತಕ್ಕಡಿಗೆ ಹಾಕಿದರೆ ಮುಳ್ಳು ನಿಲ್ಲುವುದು 200 ಗ್ರಾಂ ಹತ್ತಿರ.

ಇದೆಲ್ಲ ಒಬ್ಬ ಮನುಷ್ಯನ ಚರ್ಮದೊಳಗಿನ ಮಾತು. ಇನ್ನು ಹೊರಗೆ ಬರೋಣ. ಭೂಮಿಯ ಮೇಲೆ ಎಷ್ಟು ಮರಗಳಿವೆ? ಸುಮಾರು 40,000 ಕೋಟಿ ಎಂದು ಬಹುಕಾಲ ನಂಬಿದ್ದರು. 2015ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಥಾಮಸ್ ಕ್ರೌಥರ್ ಮತ್ತು 15 ದೇಶಗಳ ಸಂಗಡಿಗರು ಹೊಸ ಲೆಕ್ಕ ತಂದರು. ಅದಕ್ಕೆ ಆಧಾರ 4 ಲಕ್ಷ 29 ಸಾವಿರಕ್ಕೂ ಹೆಚ್ಚು ಜಾಗಗಳಲ್ಲಿ ಯಾರೋ ನಿಂತು, ನಡೆದು, ಒಂದೊಂದೇ ಕಾಂಡ ಮುಟ್ಟಿ ಎಣಿಸಿದ ದಾಖಲೆ. ಉತ್ತರ 3 ಲಕ್ಷ ಕೋಟಿ ಮರಗಳು. ಹಳೆಯ ಅಂದಾಜಿನ ಏಳೂವರೆ ಪಟ್ಟು! ನಮ್ಮ ಕ್ಷೀರಪಥದ ನಕ್ಷತ್ರಗಳನ್ನು ಎಷ್ಟು ಧಾರಾಳವಾಗಿ ಎಣಿಸಿದರೂ 40,000 ಕೋಟಿ. ಆಕಾಶದ ಒಂದು ನಕ್ಷತ್ರಕ್ಕೆ ಭೂಮಿಯಲ್ಲಿ ಏಳು ಮರಕ್ಕಿಂತ ಹೆಚ್ಚು. ತಲೆಗೆ ಹಂಚಿದರೆ ಒಬ್ಬೊಬ್ಬರಿಗೂ 422 ಮರ.

ಸಂತೋಷಪಡುವ ಮೊದಲು ಮುಂದಿನ ಅಂಕಿ ನೋಡಿ. ವರ್ಷಕ್ಕೆ 1,500 ಕೋಟಿಗೂ ಹೆಚ್ಚು ಮರಗಳು ಉರುಳುತ್ತಿವೆ. ಸೆಕೆಂಡಿಗೆ 475ಕ್ಕೂ ಹೆಚ್ಚು. ನಿಮ್ಮ ಪಾಲಿನ ಆ 422 ಮರಗಳು ಒಂದು ಸೆಕೆಂಡಿಗೂ ಸಾಲುವುದಿಲ್ಲ. ಮನುಷ್ಯನ ನಾಗರಿಕತೆ ಆರಂಭವಾದಾಗ ಇದ್ದ ಮರಗಳಲ್ಲಿ 46 ಶೇಕಡಾ ಈಗಿಲ್ಲ.

ಆ ಮರಗಳ ಬುಡಕ್ಕೆ ಬಗ್ಗಿದರೆ ಇರುವೆ. 2022ರಲ್ಲಿ ಹಾಂಗ್‌ಕಾಂಗ್ ಮತ್ತು ಜರ್ಮನಿಯ ವುರ್ಜ್‌ಬರ್ಗ್ ವಿಶ್ವವಿದ್ಯಾಲಯಗಳ ತಂಡ 489 ಅಧ್ಯಯನಗಳನ್ನು ಒಟ್ಟುಗೂಡಿಸಿ ಜಗತ್ತಿನ ಇರುವೆಗಳ ಲೆಕ್ಕ ಹಾಕಿತು. ಕೋಟಿಯನ್ನು ಕೋಟಿಯಿಂದ ಗುಣಿಸಿ, ಬಂದದ್ದನ್ನು ಮತ್ತೆ 200ರಿಂದ ಗುಣಿಸಿ. ಅಷ್ಟು ಇರುವೆಗಳು! ಎರಡರ ಮುಂದೆ 16 ಸೊನ್ನೆ. ಒಬ್ಬ ಮನುಷ್ಯನಿಗೆ 25 ಲಕ್ಷ ಇರುವೆ. ಸೆಕೆಂಡಿಗೆ ಒಂದರಂತೆ ಎಣಿಸಿದರೆ 63 ಕೋಟಿ ವರ್ಷ. ಒಂದು ಇರುವೆಯ ಉದ್ದ 5 ಮಿಲಿಮೀಟರ್ ಎಂದಿಟ್ಟುಕೊಂಡು ಸಾಲು ಹಚ್ಚಿದರೆ ಆ ಸಾಲು 10,000 ಕೋಟಿ ಕಿಲೊಮೀಟರ್ ಉದ್ದ. ಭೂಮಿಯಿಂದ ಸೂರ್ಯನವರೆಗೆ 333 ಸಲ ಹೋಗಿಬರಬಹುದು. ಒಣಗಿಸಿ, ಇಂಗಾಲವನ್ನಷ್ಟೇ ತೂಗಿದರೆ 1 ಕೋಟಿ 20 ಲಕ್ಷ ಟನ್. ಜಗತ್ತಿನ ಎಲ್ಲ ಕಾಡುಹಕ್ಕಿಗಳು ಮತ್ತು ಕಾಡಿನ ಸಸ್ತನಿಗಳು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಕೂತರೂ ಇರುವೆಯ ತಟ್ಟೆಯೇ ಕೆಳಗೆ!

ಇರುವೆಗಳನ್ನೂ ಬಡವರನ್ನಾಗಿಸುವ ಒಂದು ಸಂಖ್ಯೆ ಇದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕರ್ಟಿಸ್ ಸಟಲ್ ಸಮುದ್ರದ ವೈರಸ್‌ಗಳಿಗೆ ಕೊಟ್ಟ ಅಂದಾಜು ಒಂದರ ಮುಂದೆ 30 ಸೊನ್ನೆ. ಈ ಸಂಖ್ಯೆಗೆ ಬಾಯಲ್ಲಿ ಹೆಸರಿಲ್ಲ, ಹಾಗಾಗಿ ಹೀಗೆ ಯೋಚಿಸಿ: ವಿಶ್ವ ಹುಟ್ಟಿ 1,380 ಕೋಟಿ ವರ್ಷಗಳಾದವು. ಆ ಮೊದಲ ಕ್ಷಣದಿಂದ ಇವತ್ತಿನವರೆಗೆ 2 ಲಕ್ಷ 30 ಸಾವಿರ ಕೋಟಿ ಜನ ಒಟ್ಟಿಗೆ ಕುಳಿತು, ಒಬ್ಬೊಬ್ಬರೂ ಸೆಕೆಂಡಿಗೆ ಒಂದು ವೈರಸ್ ಎಣಿಸಿದ್ದರೆ ಈಗ ಎಣಿಕೆ ಮುಗಿಯುತ್ತಿತ್ತು. ಕಣ್ಣಿಗೆ ಕಾಣದ ಈ ಕಣಗಳನ್ನು ಸಾಲು ಹಚ್ಚಿದರೆ ಸೂರ್ಯನ ದೂರ ಯಾವ ಲೆಕ್ಕಕ್ಕೂ ಇಲ್ಲ. ಸಾಲಿನ ಉದ್ದ 1 ಕೋಟಿ ಜ್ಯೋತಿರ್ವರ್ಷ! ನಮ್ಮ ಕ್ಷೀರಪಥದಂಥ ನೂರು ಗೆಲಾಕ್ಸಿಗಳನ್ನು ಪಕ್ಕಪಕ್ಕ ಇಟ್ಟಷ್ಟು. ನೆರೆಯ ಆಂಡ್ರೊಮಿಡಾ ಗೆಲಾಕ್ಸಿಗೆ ಎರಡು ಸಲ ಹೋಗಿ ವಾಪಸು ಬರುವಷ್ಟು.

ವೈರಸ್ ಸಮುದ್ರದಲ್ಲೇ ಇರುತ್ತದೆ ಎಂದುಕೊಳ್ಳಬೇಡಿ, ಆಕಾಶದಿಂದಲೂ ಸುರಿಯುತ್ತದೆ. ಸ್ಪೇನಿನ ಗ್ರನಾಡಾ ವಿಶ್ವವಿದ್ಯಾಲಯದವರು ಸಟಲ್ ಜೊತೆ ಸೇರಿ ಸಿಯೆರಾ ನೆವಾಡಾ ಬೆಟ್ಟದ ಮೇಲೆ ಅಳೆದು 2018ರಲ್ಲಿ ಹೇಳಿದ್ದು: ದಿನಕ್ಕೆ ಒಂದು ಚದರ ಮೀಟರ್‌ಗೆ 80 ಕೋಟಿಗೂ ಹೆಚ್ಚು ವೈರಸ್. ಬೆಂಗಳೂರಿನ 30×40 ಸೈಟಿನ ಮೇಲೆ ಅದೇ ದರದಲ್ಲಿ ಬಿದ್ದರೆ ದಿನಕ್ಕೆ ಸುಮಾರು 9,000 ಕೋಟಿ. ಜಗತ್ತಿನ ಜನಸಂಖ್ಯೆಯ 11 ಪಟ್ಟು, ಒಂದೇ ಸೈಟಿಗೆ, ಒಂದೇ ದಿನಕ್ಕೆ!

ಸಂಖ್ಯೆ ಸಾಕು, ಈಗ ವಯಸ್ಸು. ಅಂಟಾರ್ಕ್ಟಿಕಾದ ಡೋಮ್ ಸಿ ಎಂಬಲ್ಲಿ ಯುರೋಪಿನ ಹತ್ತು ದೇಶಗಳ ವಿಜ್ಞಾನಿಗಳು 3,270 ಮೀಟರ್ ಆಳಕ್ಕೆ ಮಂಜುಗಡ್ಡೆ ಕೊರೆದರು. ವಿಜಯಪುರದ ಗೋಳಗುಮ್ಮಟಗಳನ್ನು ಒಂದರ ಮೇಲೊಂದು ಪೇರಿಸಿದರೆ ಆ ರಂಧ್ರದಲ್ಲಿ 64 ಹಿಡಿಸುತ್ತವೆ. ತಳದ ಮಂಜಿನಲ್ಲಿ ಸಿಕ್ಕಿಕೊಂಡಿದ್ದ ಗಾಳಿಯ ಗುಳ್ಳೆಗೆ 8 ಲಕ್ಷ ವರ್ಷ. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದಲ್ಲಿ ಆ ಗುಳ್ಳೆಗಳನ್ನು ಒಡೆದು ಅಳೆದಾಗ ಕಂಡದ್ದು ಒಂದೇ ಕಥೆ: 8 ಲಕ್ಷ ವರ್ಷಗಳಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಮನುಷ್ಯನ ಕೈಗಾರಿಕೆ ಶುರುವಾಗುವ ತನಕ ದಶಲಕ್ಷಕ್ಕೆ 300 ಭಾಗ ದಾಟಿದ್ದೇ ಇಲ್ಲ. ಈಗ ಅದು 420 ದಾಟಿದೆ. 2025ರ ಜನವರಿಯಲ್ಲಿ ಇನ್ನೊಂದು ತಂಡ ಅದೇ ಖಂಡದಲ್ಲಿ 12 ಲಕ್ಷ ವರ್ಷ ಹಳೆಯ ಮಂಜುಗಡ್ಡೆಯನ್ನು ಮೇಲೆತ್ತಿತು.

12 ಲಕ್ಷ ಹಳೆಯದೇ? ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದರ ಮೇಲೆ ಕೂತು ಕಡಲೆಕಾಯಿ ತಿನ್ನುವವರ ಕೆಳಗಿರುವ ಕಲ್ಲು ಆ ಮಂಜುಗಡ್ಡೆಗಿಂತ 2,500 ಪಟ್ಟು ಹಳೆಯದು. ಅದಕ್ಕೂ ಹಿರಿಯದು ಒಂದಿದೆ. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಜಿರ್ಕಾನ್ ಹರಳು, ಗಾತ್ರದಲ್ಲಿ ಪುಡಿ ಉಪ್ಪಿನ ಒಂದು ಕಣದಷ್ಟು. ಪರ್ತ್‌ನ ಕರ್ಟಿನ್ ಮತ್ತು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಗಳ ಭೂವಿಜ್ಞಾನಿಗಳು 2001ರಲ್ಲಿ ಅದರ ವಯಸ್ಸು ಪ್ರಕಟಿಸಿದರು: 440 ಕೋಟಿ ವರ್ಷ! ಲಾಲ್‌ಬಾಗ್ ಬಂಡೆ ಹುಟ್ಟಿದಾಗ ಈ ಕಣಕ್ಕೆ ಆಗಲೇ 140 ಕೋಟಿ ವರ್ಷ ತುಂಬಿತ್ತು.

ಈ 440 ಕೋಟಿ ವರ್ಷಗಳನ್ನು ಗೋಡೆಯ ಮೇಲಿನ ಒಂದು ವರ್ಷದ ಕ್ಯಾಲೆಂಡರಿಗೆ ಇಳಿಸೋಣ. ಜನವರಿ 1ರ ಮಧ್ಯರಾತ್ರಿ ಜಿರ್ಕಾನ್ ಹುಟ್ಟಿತು, ಡಿಸೆಂಬರ್ 31ರ ಮಧ್ಯರಾತ್ರಿ ಎಂದರೆ ಇವತ್ತು. ಒಂದು ದಿನಕ್ಕೆ 1 ಕೋಟಿ 20 ಲಕ್ಷ ವರ್ಷ. ಲಾಲ್‌ಬಾಗ್ ಬಂಡೆ ಏಪ್ರಿಲ್ ಕೊನೆಯ ವಾರದ್ದು. ಡೈನೊಸಾರ್‌ಗಳು ಅಳಿದದ್ದು ಡಿಸೆಂಬರ್ 26ರಂದು. ಅಂಟಾರ್ಕ್ಟಿಕಾದ ಆ 8 ಲಕ್ಷ ವರ್ಷಗಳ ಇತಿಹಾಸ ಕೊನೆಯ ಒಂದೂವರೆ ಗಂಟೆ. ಮನುಷ್ಯ ಬಂದದ್ದು ರಾತ್ರಿ 11 ಗಂಟೆ 24 ನಿಮಿಷಕ್ಕೆ. ಕನ್ನಡದ ಹಲ್ಮಿಡಿ ಶಾಸನ ಕೆತ್ತಿದಾಗ ವರ್ಷ ಮುಗಿಯಲು ಉಳಿದಿದ್ದದ್ದು 11 ಸೆಕೆಂಡ್!

11 ಗಂಟೆ 24 ನಿಮಿಷಕ್ಕೆ ಬಂದ ಆ ಅತಿಥಿಯನ್ನು ಈಗ ತೂಗೋಣ. ಭೂಮಿಯ ಎಲ್ಲ ಜೀವಗಳಲ್ಲಿರುವ ಇಂಗಾಲ 55,000 ಕೋಟಿ ಟನ್ ಎಂದು ವೈಜ್ಮನ್ ಮತ್ತು ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಶೋಧಕರು 2018ರಲ್ಲಿ ಲೆಕ್ಕ ಕೊಟ್ಟರು. ಅದನ್ನು 10,000 ರೂಪಾಯಿ ಎಂದುಕೊಂಡರೆ ಸಸ್ಯಗಳ ಪಾಲು 8,000ಕ್ಕಿಂತ ಹೆಚ್ಚು, ಬ್ಯಾಕ್ಟೀರಿಯಾಗಳದ್ದು 1,200ಕ್ಕಿಂತ ಹೆಚ್ಚು. ಎಂಟುನೂರು ಕೋಟಿ ಮನುಷ್ಯರೆಲ್ಲ ಸೇರಿ ಒಂದು ರೂಪಾಯಿ!

ಆ ಒಂದು ರೂಪಾಯಿಯ ಪ್ರಾಣಿ ಮಾಡಿದ್ದೇನು? 2023ರ ಲೆಕ್ಕದಲ್ಲಿ ಮನುಷ್ಯರ ತೂಕ 39 ಕೋಟಿ ಟನ್, ನಾವು ಸಾಕಿದ ಜಾನುವಾರುಗಳದ್ದು 63 ಕೋಟಿ ಟನ್. ನೆಲದ ಮೇಲಿನ ಎಲ್ಲ ಕಾಡು ಸಸ್ತನಿಗಳು, ಅಂದರೆ ಆನೆ, ಹುಲಿ, ಕಾಟಿ, ಜಿಂಕೆ, ಕರಡಿ, ಇಲಿ, ಬಾವಲಿ ಎಲ್ಲ ಕೂಡಿದರೆ 2 ಕೋಟಿ ಟನ್. ಒಬ್ಬ ಮನುಷ್ಯನ ಪಾಲಿಗೆ ಎರಡೂವರೆ ಕಿಲೊ ಕಾಡುಪ್ರಾಣಿ. ಜಗತ್ತಿನ ನಾಯಿಗಳನ್ನಷ್ಟೇ ತೂಗಿದರೂ ಹೆಚ್ಚುಕಡಿಮೆ ಅದೇ 2 ಕೋಟಿ ಟನ್ ಬರುತ್ತದೆ. ಇಡೀ ಲೋಕದ ಕಾಡಿಗೆ ನಾಯಿಗಳು ಸಮ!

ಪ್ಲಾಸ್ಟಿಕ್ ನೋಡಿ. 1950ರಿಂದ 2015ರವರೆಗೆ ತಯಾರಾದದ್ದು 830 ಕೋಟಿ ಟನ್ ಎಂದು ಕ್ಯಾಲಿಫೋರ್ನಿಯಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳ ಸಂಶೋಧಕರು 2017ರಲ್ಲಿ ತೋರಿಸಿದರು. ಮೈಸೂರಿನ ಜಂಬೂಸವಾರಿಯಲ್ಲಿ ಅಂಬಾರಿ ಹೊರುವ ಆನೆ ಸುಮಾರು 5 ಟನ್ ತೂಗುತ್ತದೆ. ಆ ಲೆಕ್ಕದಲ್ಲಿ ಇದು 166 ಕೋಟಿ ಆನೆ. ಆನೆಗೆ 5 ಮೀಟರ್ ಜಾಗ ಕೊಟ್ಟು ಮೆರವಣಿಗೆ ಹೊರಡಿಸಿದರೆ ಸಾಲು ಚಂದ್ರನಿಗೆ ಹತ್ತು ಸಲ ಹೋಗಿ ಬಂದರೂ ಬಾಲ ಇನ್ನೂ ಉಳಿದಿರುತ್ತದೆ. ಕಸವಾದ ಪ್ಲಾಸ್ಟಿಕ್‌ನಲ್ಲಿ ಮರುಬಳಕೆಯ ದಾರಿ ಹಿಡಿದದ್ದು 9 ಶೇಕಡಾ ಮಾತ್ರ.

ಪ್ಲಾಸ್ಟಿಕ್ ಬರೀ ಚಿಲ್ಲರೆ. ಕಾಂಕ್ರೀಟ್, ಜಲ್ಲಿ, ಇಟ್ಟಿಗೆ, ಡಾಂಬರು, ಲೋಹ ಎಲ್ಲ ಸೇರಿಸಿ ಮನುಷ್ಯ ನಿರ್ಮಿಸಿದ ವಸ್ತುಗಳ ತೂಕ 1.1 ಲಕ್ಷ ಕೋಟಿ ಟನ್. ವೈಜ್ಮನ್ ತಂಡದ 2020ರ ಈ ಲೆಕ್ಕ ಓದಿ ಜಗತ್ತೇ ಬೆರಗಾಯಿತು, ಏಕೆಂದರೆ ಭೂಮಿಯ ಮೇಲಿನ ಸಮಸ್ತ ಜೀವರಾಶಿಯ ಒಣತೂಕವೂ ಅಷ್ಟೇ! 1900ರಲ್ಲಿ ನಮ್ಮ ಸರಕು ಜೀವರಾಶಿಯ 3 ಶೇಕಡಾ ಇತ್ತು. 120 ವರ್ಷಗಳಲ್ಲಿ ಸರಿಸಮ. ಈಗ ವರ್ಷಕ್ಕೆ 3,000 ಕೋಟಿ ಟನ್ ಹೊಸದಾಗಿ ಸೇರುತ್ತಿದೆ. ಭೂಮಿಯ ಒಬ್ಬೊಬ್ಬ ಮನುಷ್ಯನ ಹೆಸರಿನಲ್ಲೂ ಪ್ರತಿ ವಾರ ಅವನ ಮೈತೂಕಕ್ಕಿಂತ ಹೆಚ್ಚು.

ಆ 3,000 ಕೋಟಿ ಟನ್ ಎಂದರೆ ಅಂಬಾರಿ ಆನೆಯ ಲೆಕ್ಕದಲ್ಲಿ ಸೆಕೆಂಡಿಗೆ 190 ಆನೆ! ಹಗಲು ಸೆಕೆಂಡಿಗೆ 190, ರಾತ್ರಿ ಸೆಕೆಂಡಿಗೆ 190. ದೇಶದಲ್ಲೇ ಅತಿ ಹೆಚ್ಚು ಕಾಡಾನೆಗಳಿರುವ ರಾಜ್ಯ ಕರ್ನಾಟಕ, ಇಲ್ಲಿರುವುದು ಸುಮಾರು 6,000. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟಗಳು ಲಕ್ಷಾಂತರ ವರ್ಷಗಳ ವಿಕಾಸದಿಂದ ಪಡೆದು ಕಾಪಾಡಿಕೊಂಡು ಬಂದಿರುವ ಆನೆಗಳ ತೂಕವನ್ನು ನಮ್ಮ ಸಿಮೆಂಟು ಜಲ್ಲಿ 32 ಸೆಕೆಂಡಿನಲ್ಲಿ ಮೀರಿಸುತ್ತದೆ.

ಇದನ್ನು ಮತ್ತೆ ಆ ಕ್ಯಾಲೆಂಡರಿಗೆ ಇಳಿಸಿ. 3 ಶೇಕಡಾದಿಂದ ಸರಿಸಮಕ್ಕೆ ಏರಿದ ಆ 120 ವರ್ಷ ಡಿಸೆಂಬರ್ 31ರ ಕೊನೆಯ 0.86 ಸೆಕೆಂಡ್. ಹತ್ತು ಸಾವಿರದಲ್ಲಿ ಒಂದು ಪಾಲಿನ ಜೀವಿ ಒಂದು ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಜೀವರಾಶಿಯಷ್ಟೇ ಭಾರದ ಇನ್ನೊಂದು ರಾಶಿ ಹಾಕಿತು. ಇದೇ ವೇಗದಲ್ಲಿ ಹೋದರೆ, ಬಿಸಾಡಿದ್ದನ್ನೂ ಸೇರಿಸಿ, 2040ರ ಹೊತ್ತಿಗೆ ಆ ರಾಶಿ 3 ಲಕ್ಷ ಕೋಟಿ ಟನ್ ದಾಟುತ್ತದೆ. ವೈರಸ್ ಎಣಿಸಿದ, ಇರುವೆ ಎಣಿಸಿದ, ಮಂಜಿನ ಗುಳ್ಳೆ ಅಳೆದ ವಿಶ್ವವಿದ್ಯಾಲಯಗಳ ಎಲ್ಲ ಅಂಕಿಗಳಲ್ಲಿ ನಮ್ಮ ಕೈಯಲ್ಲಿ ಬದಲಾಯಿಸಲು ಸಾಧ್ಯವಿರುವ ದೊಡ್ಡ ಅಂಕಿಗಳಲ್ಲಿ ಇದೂ ಒಂದು. ಅದಕ್ಕೆ ಸಿಕ್ಕಿರುವ ಕಾಲಾವಕಾಶ, 2020ರಿಂದ 2040, ಕ್ಯಾಲೆಂಡರಿನಲ್ಲಿ 0.14 ಸೆಕೆಂಡ್, ಅದರಲ್ಲಿ ಕಾಲು ಭಾಗಕ್ಕೂ ಹೆಚ್ಚು ಆಗಲೇ ಕಳೆದಿದೆ.